ಒಪ್ಪಿಗೆ ಕೇಳುವ ಹೊತ್ತು

ಒಡಿಶಾದ ನಿಯಮಗಿರಿ ಬೆಟ್ಟಸಾಲು ಡೋಂಗ್ರಿಯಾ ಕೊಂಧ ಆದಿವಾಸಿಗಳಿಗೆ ನಿಯಮರಾಜನ ನೆಲೆ. ವೇದಾಂತ ಸಮೂಹಕ್ಕೆ ಅದು ಬಾಕ್ಸೈಟ್ ನಿಕ್ಷೇಪ. ಗಣಿಗೆ ಅಂತಿಮ ಅರಣ್ಯ ಅನುಮತಿ ದೊರೆಯುವ ಮೊದಲೇ ತಪ್ಪಲಿನ ಲಾಂಜಿಗಢದಲ್ಲಿ ಅಲ್ಯೂಮಿನಾ ಕಾರ್ಖಾನೆ ಎದ್ದುನಿಂತಿತು. ಇಷ್ಟು ಬಂಡವಾಳ ತೊಡಗಿಸಿದ ಮೇಲೆ ಬೆಟ್ಟ ಕೊಡದಿದ್ದರೆ ಹೇಗೆ ಎಂಬ ವಾದ ಆಗ ತಾನಾಗಿ ಹುಟ್ಟುತ್ತದೆ. ಈಗಾಗಲೇ ಮಾಡಿದ ವೆಚ್ಚ ಮುಂದಿನ ನಿರ್ಧಾರಕ್ಕೆ ಆಧಾರವಾಗಕೂಡದೆಂಬುದು ಅರ್ಥಶಾಸ್ತ್ರದ ಮೊದಲ ಪಾಠ; ನಮ್ಮ ಆಡಳಿತದಲ್ಲಿ ಅದೇ ಪ್ರಬಲ ಆಧಾರ.

ಇದರ ನೈತಿಕ ಅಪಾಯವನ್ನು ಕೆಲವು ಹೂಡಿಕೆದಾರರೇ ಗುರುತಿಸಿದರು. 2007ರಲ್ಲಿ ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ, 2010ರಲ್ಲಿ ಇಂಗ್ಲೆಂಡಿನ ಚರ್ಚ್ ವೇದಾಂತದಿಂದ ಹೊರನಡೆದವು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಗ್ರಾಮಸಭೆಗಳ ಮುಂದಿಟ್ಟಿತು. ಆ ವರ್ಷ ಸೇರಿದ 12 ಸಭೆಗಳೂ ಗಣಿಯನ್ನು ತಿರಸ್ಕರಿಸಿದವು.

ಇದಕ್ಕೆ ಬೆಲೆಯೂ ತೆರಬೇಕಾಯಿತು. 2012ರ ಡಿಸೆಂಬರ್‌ನಲ್ಲಿ ಅದಿರಿಲ್ಲದೆ ಕಾರ್ಖಾನೆ ಮುಚ್ಚಿ, ಕೆಲವು ತಿಂಗಳು ಸ್ತಬ್ಧವಾಗಿತ್ತು. ಬಳಿಕ ಬೇರೆಡೆಯ ಅದಿರಿನಿಂದಲೇ ನಡೆಯಿತು. ಬೆಟ್ಟವಿಲ್ಲದೆ ಗತಿಯಿಲ್ಲವೆಂಬ ವಾದ ಹೀಗೆ ಬಿದ್ದುಹೋಯಿತು. ಆ ಹನ್ನೆರಡು ಊರುಗಳನ್ನು ಕಾರ್ಖಾನೆಗೆ ತಳಪಾಯ ಹಾಕುವ ಮುನ್ನವೇ ಕೇಳಿದ್ದರೆ ಜನರ ನೆಮ್ಮದಿಯೂ ಹೂಡಿದವರ ಹಣವೂ ಉಳಿಯುತ್ತಿದ್ದವು.