ಮಳೆಯ ನಾಡಿಗೆ ಹಸಿರುಮನೆ ಯಾಕೆ?

ಮಕ್ಕಳೇ, ಕಾರವಾರದಿಂದ ಉತ್ತರಕ್ಕೆ ಹೊರಟು ಗಡಿ ದಾಟಿದರೆ ಸಿಗುವ ಗೋವಾದ ಮೊದಲ ತಾಲೂಕು ಕಾಣಕೋಣ. ರೈತ ಕುಟುಂಬದವರೇ ಬೆಳೆದು ತಂದು ಮಾರುವ ಸಂತೆಗೆ ಹೋದಾಗ ಎರಡು ಮೆಣಸನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, ಈ ತಾಲೂಕಿನದೇ ಆದ ಕೆಂಪು ಖೋಲಾ ಮೆಣಸು. ಇನ್ನೊಂದು, ಹಸಿರುಮನೆಯಲ್ಲಿ ಬೆಳೆಯುವ ದೊಣ್ಣೆಮೆಣಸು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಪ್ರಭೇದ. ಆದರೆ ಒಂದಕ್ಕೆ ಗುಡ್ಡ ಸಾಕು, ಇನ್ನೊಂದಕ್ಕೆ ಮನೆಯೇ ಬೇಕು. ಯಾಕೆ ಗೊತ್ತಾ?

ಖೋಲಾ ಮೆಣಸನ್ನು ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಬೆಳೆಯುತ್ತಾರೆ. ಅಲ್ಲಿ ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ಸಿಗುತ್ತದೆ. ಊರಿನ ಮಣ್ಣು, ಮಳೆಗೆ ಹೊಂದಿಕೊಂಡ ಈ ತಳಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ದೊಣ್ಣೆಮೆಣಸು ಹಾಗಲ್ಲ. ಕರಾವಳಿಯ ಜಡಿಮಳೆಗೆ ಅದರ ಹೂ ಉದುರುತ್ತದೆ, ಒದ್ದೆ ಎಲೆಗೆ ಶಿಲೀಂಧ್ರ ಹತ್ತುತ್ತದೆ. ಹಾಗಾಗಿ ಇಲ್ಲಿ ಹಸಿರುಮನೆಯ ಪ್ಲಾಸ್ಟಿಕ್ ಮಾಡು ಮೊದಲಿಗೆ ಒಂದು ಕೊಡೆ. ತಮಾಷೆ ನೋಡಿ, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗಿನ ಗಿಡಕ್ಕೆ ಹನಿ ನೀರಾವರಿ ಬೇಕೇ ಬೇಕು!

ಚಳಿ ದೇಶಗಳಲ್ಲಿ ಹಸಿರುಮನೆ ಕಟ್ಟುವುದು ಬೆಚ್ಚಗಿಡಲು. ನಮ್ಮ ಕರಾವಳಿಯಲ್ಲಿ ಸೆಖೆಗೇನು ಬರವೇ? ಇಲ್ಲಿ ಬಿಸಿಯನ್ನು ಹೊರಗೆ ಕಳಿಸಬೇಕು. ಅದಕ್ಕೆ ಬಿಸಿ ಯಾಕೆ ಏರುತ್ತದೆಂದು ತಿಳಿದಿರಬೇಕು. 1909ರಲ್ಲಿ ಅಮೆರಿಕದ ವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳ. ಒಳಗಿನಿಂದ ಹೊರಡುವ ಅವಕೆಂಪು ಕಿರಣಗಳನ್ನು ಗಾಜು ತಡೆಯುತ್ತದೆ, ಕಲ್ಲುಪ್ಪು ಹೊರಗೆ ಬಿಡುತ್ತದೆ. ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮಾಡಿದಾಗ, ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ, ಒಳಗೆ ಬಿಸಿ ಏರಲು ಮುಖ್ಯ ಕಾರಣ ಬಿಸಿಗಾಳಿ ಮೇಲೇರಿ ಹೊರಗೆ ಹೋಗಲಾಗದಿರುವುದು.

ಪರಿಹಾರವೂ ಅಲ್ಲೇ ಇದೆ. ಮಾಡಿನ ನೆತ್ತಿಯಲ್ಲಿ ಕಿಂಡಿ, ನಾಲ್ಕೂ ಬದಿಗೆ ಬಲೆ. ಬಿಸಿಗಾಳಿ ಮೇಲಿನಿಂದ ಹೊರಟರೆ ತಂಪುಗಾಳಿ ಬದಿಯಿಂದ ಬರುತ್ತದೆ. ಚಳಿ ದೇಶದ ಮುಚ್ಚಿದ ನಮೂನೆಯನ್ನೇ ಇಲ್ಲಿ ಕಟ್ಟಿದರೆ ಗಿಡ ಬೆಂದುಹೋಗುತ್ತದೆ, ಕುಟುಂಬದ ದುಡ್ಡೂ ಹೋಗುತ್ತದೆ.

ಬಲೆ ಕೀಟಗಳನ್ನು ತಡೆಯುತ್ತದೆ, ಜೇನ್ನೊಣವನ್ನೂ ತಡೆಯುತ್ತದೆ. ಅದಕ್ಕೇ ಒಳಗೆ ಪರಾಗಸ್ಪರ್ಶವಿಲ್ಲದೆ ಕಾಯಿ ಬಿಡುವ ಸೌತೆ ತಳಿಗಳನ್ನು ಹಾಕುತ್ತಾರೆ. ಅಂಥ ಸೌತೆಯನ್ನು ಕೊಯ್ದರೆ ಬಲಿತ ಬೀಜ ಕಾಣುವುದಿಲ್ಲ.

ಮುಂದಿನ ಸಲ ಸಂತೆಯಲ್ಲಿ ಬೆಲೆ ಕೇಳುವುದರ ಜೊತೆಗೆ ಇದನ್ನೂ ಕೇಳಿ: ‘ಇದು ಬಯಲಲ್ಲಿ ಬೆಳೆದದ್ದೋ, ಮಾಡಿನಡಿಯಲ್ಲೋ? ಗಾಳಿ ಎಲ್ಲಿಂದ ಹೋಗುತ್ತೆ?’ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಗತಿಗೆ ತನ್ನಿ.