ಅಜ್ಜಿಯ ರಾಗಿ ಪೈರು, ಮೊಮ್ಮಕ್ಕಳ ಗೋದಲಿ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಮಾತು ಶುರುವಾಗುತ್ತದೆ. ಈಗೀಗ ಆ ಮಾತು ಬೇಗನೆ ಮುಗಿದೂ ಹೋಗುತ್ತದೆ. ಅಂಗಡಿಯಿಂದ ಸಿದ್ಧ ಗೋದಲಿ ಬರುತ್ತದೆ, ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ. ಮನೆಭೇಟಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಅಂಥ ಗೋದಲಿಯನ್ನು ತೋರಿಸಿ, "ಚೆನ್ನಾಗೇನೋ ಇದೆ ಸ್ವಾಮಿ, ಆದರೆ ಇದರಲ್ಲಿ ನನಗೇನೂ ಕೆಲಸವಿಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲೇ ಉಳಿಯಿತು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಬೊಂಬೆಗಳಿರಲಿಲ್ಲ. ಮೇವಿನ ತೊಟ್ಟಿ, ಒಣಹುಲ್ಲು, ಎತ್ತು, ಕತ್ತೆ ಇದ್ದವು. ಸುತ್ತಲಿನ ಜನ ಪಂಜು ಹಿಡಿದು ಬಂದರು. ಸುಮಾರು ಹದಿನೈದು ದಿನ ಮೊದಲೇ ಸಿದ್ಧತೆಗೆ ಹೇಳಿದ್ದರಂತೆ. 2019ರಲ್ಲಿ ಅದೇ ಗ್ರೆಚ್ಚೊದಲ್ಲಿ ಗೋದಲಿಯ ಕುರಿತು ಪತ್ರವೊಂದಕ್ಕೆ ಸಹಿ ಹಾಕಿದ ಜಗದ್ಗುರು ಫ್ರಾನ್ಸಿಸರು, ಈ ಸಂಪ್ರದಾಯವನ್ನು ಮಕ್ಕಳು ಕಲಿಯುವುದು ತಂದೆತಾಯಿ ಮತ್ತು ಅಜ್ಜಅಜ್ಜಿಯರಿಂದ ಎಂದು ನೆನಪಿಸಿದರು.

ನಮ್ಮಲ್ಲಿ ಈ ಕಲಿಕೆ ರಾಗಿಯಿಂದ ಶುರುವಾಗಲಿ. ಹಬ್ಬಕ್ಕೆ ಹತ್ತು ದಿನ ಮೊದಲು ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಕಂಡಾಗ ಅಗಲ ತಟ್ಟೆಯ ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಪುಡಿಮಣ್ಣು ಉದುರಿಸಿ, ದಿನವೂ ಕೈಯಿಂದ ನೀರು ಚಿಮುಕಿಸಿ. ಕ್ರಿಸ್ಮಸ್ ಹೊತ್ತಿಗೆ ಗೋದಲಿಯ ಮುಂದೆ ಹಸಿರು ಗದ್ದೆ! ಎಷ್ಟು ನೀರು ಸಾಕೆಂದು ಅಜ್ಜಿಗೆ ಗೊತ್ತು. ದಿನಕ್ಕೆ ಹತ್ತು ಸಲ ಬಗ್ಗಿ ನೋಡುವ ಆತುರ ಮೊಮ್ಮಗಳಿಗೆ. ಜೇಡಿಮಣ್ಣಿನ ಕುರಿಗಳನ್ನು ನೆರಳಲ್ಲಿ ಒಣಗಿಸದಿದ್ದರೆ ಬಿರುಕು ಬಿಡುತ್ತವೆಂದು, ನಕ್ಷತ್ರಕ್ಕೆ ಬಿದಿರನ್ನು ಹೇಗೆ ಸೀಳಬೇಕೆಂದು ತಾತ ತೋರಿಸಲಿ. ಮರದ ಪಾಚಿಯನ್ನು ಮಾತ್ರ ಕೀಳಬೇಡಿ. ಅದು ಮತ್ತೆ ಬೆಳೆಯಲು ಬಹಳ ಕಾಲ ಬೇಕು.

ಇದು ಬರೀ ಆಟವೇ? ಊರಿನವರು ಯೇಸುವನ್ನು ಬಡಗಿ ಎಂದು ಗುರುತಿಸಿದರೆಂದು ಮಾರ್ಕನ ಶುಭಸಂದೇಶ (6:3) ಹೇಳುತ್ತದೆ. ದೇವಪುತ್ರನೇ ಹಿರಿಯರ ಪಕ್ಕದಲ್ಲಿ ನಿಂತು ಕೈಕೆಲಸ ಕಲಿತಿರಬೇಕು. ಕೈಗಳು ಒಟ್ಟಿಗೆ ದುಡಿಯುವಾಗ ಬಾಯಿಯೂ ತೆರೆಯುತ್ತದೆ: ಅಜ್ಜಿಯ ಬಾಲ್ಯದ ಕ್ರಿಸ್ಮಸ್, ಬಡತನದ ದಿನಗಳು, ಕೈಬಿಡದ ದೇವರು. ವಿಶ್ವಾಸ ಮನೆಯೊಳಗೆ ಹರಿದುಬರುವುದು ಹೀಗೆಯೇ.

ಹಬ್ಬ ಮುಗಿದ ಮೇಲೆ ಪೈರು ಹಸುವಿಗೆ, ಮಣ್ಣು ಮಣ್ಣಿಗೆ ಸೇರಲಿ. ಈ ವರ್ಷ ಬಾಲಯೇಸುವನ್ನು ಮಲಗಿಸುವ ಮೊದಲು, ನಿಮ್ಮ ಮನೆಯ ಹಿರಿಯರ ಕೈಗೆ ಒಂದು ಹಿಡಿ ರಾಗಿ ಕೊಡಿ. ಅವರಿಗೂ ಅಲ್ಲಿ ಒಂದು ಕೆಲಸವಿರಲಿ.