ವಯಸ್ಸೇ ಆಗದ ಊರು

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಯರ ಮಾತ್ರೆ ಡಬ್ಬಿಯಲ್ಲಿ ‘ಅಟೋರ್ವಾಸ್ಟಾಟಿನ್’ ಎಂಬ ಮಾತ್ರೆ ಇದೆಯೇ, ಕೇಳಿ ನೋಡಿ. (ಕೇಳಿದರೆ ಸಾಕು, ಮುಟ್ಟುವುದು ಬೇಡ!) ರಕ್ತದಲ್ಲಿನ ಕೊಲೆಸ್ಟರಾಲ್ ಇಳಿಸುವ ಈ ಔಷಧವನ್ನು ಪ್ರಪಂಚದಲ್ಲಿ ಕೋಟ್ಯಂತರ ಜನ ನುಂಗುತ್ತಾರೆ. ಇದು 1985ರಲ್ಲಿ ಮೊದಲು ತಯಾರಾದದ್ದು ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಿನ ಪ್ರಯೋಗಾಲಯದಲ್ಲಿ.

ಇಬ್ಬರು ಗೆಳೆಯರು 1824ರಲ್ಲಿ ಈ ಊರು ಕಟ್ಟಿದರು. ಇಬ್ಬರ ಹೆಂಡತಿಯರ ಹೆಸರೂ ಆ್ಯನ್! ಅದಕ್ಕೇ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. 1837ರಲ್ಲಿ ಇಲ್ಲಿನವರು 40 ಎಕರೆ ಜಾಗ ಕೊಟ್ಟು, ಡೆಟ್ರಾಯಿಟ್‌ನಲ್ಲಿದ್ದ ಮಿಷಿಗನ್ ವಿಶ್ವವಿದ್ಯಾಲಯವನ್ನು ತಮ್ಮೂರಿಗೆ ಕರೆಸಿಕೊಂಡರು. ಊರಿನ ಹಣೆಬರಹ ಬದಲಾದದ್ದು ಅಲ್ಲಿಂದ.

ಯಾರಿದ್ದಾರೆ ಇಲ್ಲಿ?

2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 1,23,851. ವಿಶ್ವವಿದ್ಯಾಲಯದಲ್ಲಿ ಓದುವವರೇ 50,000ಕ್ಕೂ ಹೆಚ್ಚು. ನೂರರಲ್ಲಿ ಸುಮಾರು 15 ಮಂದಿ ಏಷ್ಯಾ ಮೂಲದವರು. ಊರಿನ ಅರ್ಧದಷ್ಟು ಜನ 28 ವರ್ಷದೊಳಗಿನವರು. ವರ್ಷ ವರ್ಷವೂ ಓದು ಮುಗಿಸಿದವರು ಹೊರಡುತ್ತಾರೆ, ಹದಿನೆಂಟರ ಹೊಸಬರು ಬಂದಿಳಿಯುತ್ತಾರೆ. ಹಾಗಾಗಿ ಊರಿಗೆ ಇನ್ನೂರು ವರ್ಷ ತುಂಬಿದರೂ ಜನರಿಗೆ ಮಾತ್ರ ವಯಸ್ಸೇ ಆಗುವುದಿಲ್ಲ!

ಒಂದು ಒಗಟು: ಡಾಕ್ಟರು, ಪ್ರೊಫೆಸರು, ಎಂಜಿನಿಯರುಗಳು ತುಂಬಿರುವ ಈ ಊರಿನಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಡವರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಹೇಗೆ? ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳೂ ಆ ಲೆಕ್ಕಕ್ಕೆ ಸೇರುತ್ತಾರೆ. ಅವರಿಗೆ ಸಂಬಳವಿಲ್ಲ, ಆದ್ದರಿಂದ ಕಾಗದದ ಮೇಲೆ ಬಡವರು. ನಿಜವಾಗಿ ಕಷ್ಟದಲ್ಲಿರುವವರೂ ಇದ್ದಾರೆ. ಆದರೆ ಈ ಅಂಕಿಯಲ್ಲಿ ಅವರು ಬೇರೆಯಾಗಿ ಕಾಣುವುದೇ ಇಲ್ಲ.

ಅನ್ನ ಕೊಡುವವರು ಯಾರು?

ಆಸ್ಪತ್ರೆಯೂ ಸೇರಿದಂತೆ ವಿಶ್ವವಿದ್ಯಾಲಯವೇ ಊರಿನ ಅತಿ ದೊಡ್ಡ ಉದ್ಯೋಗದಾತ. ಅದರ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಅಂದರೆ ಹೆಚ್ಚುಕಡಿಮೆ ಊರಿಗೆ ಊರೇ ಒಳಗೆ ಕೂರಬಹುದು! ಪಂದ್ಯದ ಶನಿವಾರ ಹೋಟೆಲು, ಅಂಗಡಿಗಳಿಗೆ ಹಬ್ಬ.

ಆದರೆ 2007ರ ಜನವರಿಯಲ್ಲಿ ಊರಿಗೆ ಸಿಡಿಲು ಬಡಿಯಿತು. ಆ ಮಾತ್ರೆ ಹುಟ್ಟಿದ ಸಂಶೋಧನಾ ಕೇಂದ್ರ ಆ ಹೊತ್ತಿಗೆ ಫೈಜರ್ ಕಂಪನಿಯ ಕೈಯಲ್ಲಿತ್ತು. ಅದನ್ನು ಮುಚ್ಚುವುದಾಗಿ ಕಂಪನಿ ಸಾರಿತು. ಸುಮಾರು 2,100 ಕೆಲಸಗಳಿಗೆ ಕುತ್ತು ಬಂತು. ಊರಿಗೆ ಅತಿ ಹೆಚ್ಚು ತೆರಿಗೆ ಕಟ್ಟುತ್ತಿದ್ದದ್ದೂ ಇದೇ ಕಂಪನಿ. 2009ರಲ್ಲಿ ವಿಶ್ವವಿದ್ಯಾಲಯವು 10 ಕೋಟಿ 80 ಲಕ್ಷ ಡಾಲರ್ ಕೊಟ್ಟು ಆ ಕಟ್ಟಡಗಳನ್ನು ಕೊಂಡಿತು. ಬೀಗ ಬಿದ್ದ ಪ್ರಯೋಗಾಲಯಗಳು ಮತ್ತೆ ತೆರೆದವು.

ಎಲ್ಲ ಸರಿಹೋಯಿತೇ? ಪೂರ್ತಿಯಾಗಿ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಆಸ್ತಿ ತೆರಿಗೆ ಕಟ್ಟಬೇಕಿಲ್ಲ. ಅದು ಬೆಳೆದಷ್ಟೂ ಕೆಲಸ ಹೆಚ್ಚು, ಆದರೆ ರಸ್ತೆ, ಶಾಲೆಗಳಿಗೆ ತೆರಿಗೆ ಕೊಡುವ ಜಾಗ ಕಡಿಮೆ. ಜತೆಗೆ ವಿದ್ಯಾರ್ಥಿಗಳ ಬೇಡಿಕೆಯಿಂದ ಬಾಡಿಗೆ ಗಗನಕ್ಕೇರಿದೆ. ಆಸ್ಪತ್ರೆಯ ನೆಲ ಒರೆಸುವವರು, ಹೋಟೆಲಿನ ಅಡುಗೆಯವರಲ್ಲಿ ಅನೇಕರು ಪಕ್ಕದ ಇಪ್ಸಿಲ್ಯಾಂಟಿಯಂಥ ಊರುಗಳಿಂದ ದಿನವೂ ಓಡಾಡುತ್ತಾರೆ. ಊರನ್ನು ನಡೆಸುವವರಿಗೇ ಊರಿನಲ್ಲಿ ಮನೆಯಿಲ್ಲ!

ಇದನ್ನು ಕಂಡು ಊರಿನವರು ಸುಮ್ಮನೆ ಕೂರಲಿಲ್ಲ. 2020ರ ನವೆಂಬರಿನಲ್ಲಿ ಒಂದು ಪ್ರಶ್ನೆ ಮತಕ್ಕೆ ಬಂತು: ಕಡಿಮೆ ಆದಾಯದವರಿಗೆ ಕೈಗೆಟಕುವ ಮನೆ ಕಟ್ಟಲು 20 ವರ್ಷ ಹೆಚ್ಚು ತೆರಿಗೆ ಕೊಡುತ್ತೀರಾ? ತಮ್ಮದೇ ಜೇಬಿನ ಹಣ ಎಂದು ತಿಳಿದೂ ಹೆಚ್ಚಿನವರು ‘ಹೂಂ’ ಎಂದರು. ದೊಡ್ಡ ವಿಶ್ವವಿದ್ಯಾಲಯ ಕಲಿಸುವ ಪಾಠಗಳಷ್ಟೇ ದೊಡ್ಡ ಪಾಠ ಇದೂ ಅಲ್ಲವೇ?